ಪ್ರಥಮ ವರ್ಷದ ಭೌತವಿಜ್ಞಾನ ವಿದ್ಯಾರ್ಥಿಯೂ ಬೆಂಗಳೂರಿನ ಗುರುತ್ವವೂ

ಯಶವಂತಪುರ, ಹೆಬ್ಬಾಳ, ಯಲಹಂಕಗಳ ಕಾಲೇಜುಗಳಲ್ಲಿ ಬಿ.ಎಸ್‌ಸಿ. ತರಗತಿಗೆ ಸೇರುವ ವಿದ್ಯಾರ್ಥಿಯು ಭಾರತೀಯ ವಿಜ್ಞಾನ ಮಂದಿರದ ಗೋಡೆಯನ್ನೋ, ಸರ್ ಸಿ. ವಿ. ರಾಮನ್ನರು 1948ರಲ್ಲಿ ಸ್ಥಾಪಿಸಿದ ಸಂಶೋಧನಾಲಯದ ಮರಗಳನ್ನೋ ದಿನವೂ ಬಸ್ಸಿನಿಂದ ನೋಡುತ್ತಿರುತ್ತಾನೆ. ಸಾಪೇಕ್ಷತೆ, ಕ್ವಾಂಟಂ ಮೊದಲಾದ ಮಾತುಗಳನ್ನು ಆಗಲೇ ಕೇಳಿರುತ್ತಾನೆ. ಆದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಅವನ ಕೈಗೆ ಮೊದಲು ಬರುವುದು ಒಂದು ದಾರ, ಒಂದು ಲೋಹದ ಗುಂಡು. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯಬೇಕು. ಇದನ್ನು ತಾತ್ಸಾರದಿಂದ ಮುಗಿಸುವವರೇ ಹೆಚ್ಚು.

ನಾನು ಪರೀಕ್ಷಕನಾಗಿ ಹೋಗಿದ್ದ ಒಂದು ಕಾಲೇಜಿನಲ್ಲಿ ಇಡೀ ತರಗತಿಯ ದಾಖಲೆ ಪುಸ್ತಕಗಳಲ್ಲಿ ಒಂದೇ ಉತ್ತರವಿತ್ತು: 9.81. ಪುಸ್ತಕದಲ್ಲಿರುವ ಬೆಲೆ ಅದೇ ಎಂಬುದು ನಿಜ. ಆದರೆ ಅದು ಲಂಡನ್, ಪ್ಯಾರಿಸ್‌ಗಳಂತಹ ಉತ್ತರದ ಊರುಗಳ ಬೆಲೆ. ಭೂಮಿಯು ತನ್ನ ಅಕ್ಷದ ಮೇಲೆ ಸುತ್ತುತ್ತಿರುವುದರಿಂದಲೂ, ಸಮಭಾಜಕದ ಕಡೆಗೆ ಉಬ್ಬಿರುವುದರಿಂದಲೂ, ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ವೇಗೋತ್ಕರ್ಷವು 9.78ರ ಸಮೀಪದಲ್ಲಿದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರವೂ ಅದನ್ನು ಸ್ವಲ್ಪ ಕುಗ್ಗಿಸುತ್ತದೆ. ಅಕ್ಷಾಂಶದ ಪಾಲೇ ಹಿರಿದು. ಅಂದರೆ ಆ ವಿದ್ಯಾರ್ಥಿಗಳು ಉತ್ತರವನ್ನು ನಕಲು ಮಾಡಿದ್ದಲ್ಲದೆ ಬೇರೊಂದು ಊರಿನ ಉತ್ತರವನ್ನು ನಕಲು ಮಾಡಿದ್ದರು!

ಹಾಗಾದರೆ 9.78ನ್ನು ಪಡೆಯುವುದು ಸುಲಭವೇ? ಲೆಕ್ಕ ಮಾಡಿ ನೋಡೋಣ. ಒಂದು ಮೀಟರ್ ಉದ್ದದ ಲೋಲಕಕ್ಕೆ 20 ಆಂದೋಲನಗಳ ಕಾಲ ಇಲ್ಲಿ 40.18 ಸೆಕೆಂಡು, ವೇಗೋತ್ಕರ್ಷವು 9.81 ಇರುವ ಊರಿನಲ್ಲಿ 40.12. ವ್ಯತ್ಯಾಸ ಕೇವಲ 0.06 ಸೆಕೆಂಡು. ಗಡಿಯಾರವನ್ನು ಒತ್ತುವ ಬೆರಳು ಸೆಕೆಂಡಿನ ಹತ್ತನೆಯ ಎರಡು ಭಾಗದಷ್ಟು ತಪ್ಪಬಲ್ಲದು. ಈಗಿನ ಗಡಿಯಾರ ನೂರನೆಯ ಒಂದು ಭಾಗವನ್ನೂ ತೋರಿಸುತ್ತದೆ, ಆದರೆ ಬೆರಳಿಗೆ ಅದು ತಿಳಿಯದು. ಅಷ್ಟು ತಪ್ಪಿನಿಂದ ಉತ್ತರದಲ್ಲಿ ಬರುವ ಅನಿಶ್ಚಿತತೆ 0.1. ಆದಕಾರಣ 20 ಆಂದೋಲನಗಳನ್ನು ಒಂದು ಸಲ ಎಣಿಸಿದವನು 9.8 ± 0.1 ಎಂದು ಬರೆದರೆ ಪ್ರಾಮಾಣಿಕನು, 9.81 ಎಂದು ಬರೆದರೆ ತಾನು ಅಳೆಯದುದನ್ನು ಬರೆದಂತೆ. 200 ಆಂದೋಲನಗಳನ್ನು ಎಣಿಸಿದರೆ ಕಾಲದಿಂದ ಬರುವ ಅನಿಶ್ಚಿತತೆ 0.01ಕ್ಕೆ ಇಳಿಯುತ್ತದೆ. ಆಗ ಉದ್ದವನ್ನೂ ಮಿಲಿಮೀಟರಿಗೆ ತಪ್ಪದಂತೆ ಅಳೆಯಬೇಕು, ತೂಗುವ ಕೋನವನ್ನು 5 ಡಿಗ್ರಿಯೊಳಗೆ ಇಡಬೇಕು.

ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ ದಾರವನ್ನಷ್ಟೇ ಅಳೆಯುವುದು ಸಾಮಾನ್ಯವಾದ ತಪ್ಪು. ಆಂದೋಲನಕಾಲದ ವರ್ಗವನ್ನು ಉದ್ದಕ್ಕೆ ಎದುರಾಗಿ ನಕ್ಷೆಯಲ್ಲಿ ಗುರುತಿಸಿದರೆ ಈ ತಪ್ಪು ತಾನಾಗಿಯೇ ಬಯಲಾಗುತ್ತದೆ: ರೇಖೆಯು ಮೂಲಬಿಂದುವನ್ನು ತಪ್ಪಿಸಿ ಹೋಗುತ್ತದೆ, ಆದರೆ ಅದರ ಓಟ ಕೆಡುವುದಿಲ್ಲ. ನಕ್ಷೆಯನ್ನು ಏಕೆ ಬರೆಯಬೇಕೆಂದು ಕೇಳುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ದೊರೆತಿಲ್ಲ.

ಈ ಕೆಲಸವು ಬಾಲಿಶವೆಂದು ತೋರಿದರೆ ಬಸೇವಿ ಎಂಬ ಮೋಜಣಿ ಅಧಿಕಾರಿಯನ್ನು ನೆನೆಯಬಹುದು. ಭಾರತದ ಮಹಾ ತ್ರಿಕೋನಮಿತೀಯ ಮೋಜಣಿಗಾಗಿ 1865ರಿಂದ ಅವನು ದೇಶದ ಉದ್ದಕ್ಕೂ ಲೋಲಕಗಳನ್ನು ತೂಗಿಸುತ್ತ ಹೋದನು. ಅವನ ಠಾಣ್ಯಗಳಲ್ಲಿ ಬೆಂಗಳೂರಿನವು ಎರಡು. 1871ರಲ್ಲಿ ಲಡಾಖಿನ ಎತ್ತರದಲ್ಲಿ ಇದೇ ಕೆಲಸದಲ್ಲಿರುವಾಗಲೇ ತೀರಿಕೊಂಡನು.

ಉಷ್ಣದ ಪ್ರಯೋಗಗಳಲ್ಲಿಯೂ ಇಂತಹದೇ ಒಂದು ಬಲೆಯಿದೆ. ಹಬೆಯ ಉಷ್ಣತೆಯನ್ನು 100 ಡಿಗ್ರಿ ಎಂದು ನೋಡದೆಯೇ ಬರೆದುಬಿಡುತ್ತಾರೆ. ಇಲ್ಲಿ ವಾಯುಭಾರಮಾಪಕದ ಪಾದರಸವು 760 ಮಿಲಿಮೀಟರಿಗೆ ಏರುವುದೇ ಇಲ್ಲ, 685ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಉಷ್ಣಮಾಪಕ ಕೆಟ್ಟಿದೆಯೆಂದು ಅದನ್ನು ಬದಲಾಯಿಸಿಕೊಡಲು ಬರುವ ವಿದ್ಯಾರ್ಥಿಯನ್ನು ಗದರಿಸದೆ, ಗೋಡೆಯ ಮೇಲಿನ ವಾಯುಭಾರಮಾಪಕದ ಬಳಿಗೆ ಕರೆದೊಯ್ದು ಅದನ್ನು ಅವನಿಂದಲೇ ಓದಿಸುವುದು ಅಧ್ಯಾಪಕರಿಗೆ ಐದು ನಿಮಿಷದ ಕೆಲಸ.