ತೇಲುವ ಹುಲ್ಲಿಗೂ ನೆಲ ಬೇಕು: ಮಣಿಪುರದ ಲೋಕ್ತಾಕ್

ಇಂಫಾಲದ ದಕ್ಷಿಣಕ್ಕೆ, ಮೊಯಿರಾಂಗ್ ಪಟ್ಟಣದ ಮಗ್ಗುಲಲ್ಲಿರುವ ಲೋಕ್ತಾಕ್ ಈಶಾನ್ಯ ಭಾರತದ ಅತಿ ದೊಡ್ಡ ಸಿಹಿನೀರಿನ ಸರೋವರ. ಅದರ ಮೇಲೆ ತೇಲುವ ಹಸಿರು ಹಾಸುಗಳಿಗೆ ಅಲ್ಲಿನವರು ಫುಮ್ಡಿ ಎನ್ನುತ್ತಾರೆ. ಪ್ರವಾಸಿ ಕೈಪಿಡಿಗಳಿಗೆ ಇದು ನೀರಿನ ಮೇಲಿನ ವಿಸ್ಮಯ. ಅಸಲಿಗೆ ಫುಮ್ಡಿಯ ಬದುಕು ನಿಂತಿರುವುದು ತಳದ ಕೆಸರಿನ ಮೇಲೆ. ಹಾಸನ್ನು ಕೊಯ್ದು ನೋಡಿದರೆ ಮೇಲೆ ಜೊಂಡು, ಹುಲ್ಲು. ಕೆಳಗೆ ಒಂದರೊಳಗೊಂದು ಹೆಣೆದುಕೊಂಡ ಬೇರುಗಳು. ಅದರಡಿ ಅರೆಕೊಳೆತ ಕಪ್ಪು ಪದರ. ಐದರಲ್ಲಿ ನಾಲ್ಕು ಪಾಲು ನೀರೊಳಗೇ ಇರುತ್ತದೆ. ಕಾಂಡ ಮತ್ತು ಬೇರುಗಳಲ್ಲಿ ಟೊಳ್ಳು ಜಾಗಗಳಿವೆ. ಅವುಗಳ ಮೂಲಕ ಎಲೆಯ ಆಮ್ಲಜನಕ ಉಸಿರುಗಟ್ಟಿದ ಬೇರಿನವರೆಗೂ ಇಳಿಯುತ್ತದೆ. ಹಾಸು ತೇಲಲು ನೆರವಾಗುವುದೂ ಆ ಗಾಳಿಯೇ. ಬೇಸಗೆಯಲ್ಲಿ ಸರೋವರ ತಗ್ಗಿದಾಗ ಫುಮ್ಡಿ ತಳಕ್ಕೆ ಕೂರುತ್ತಿತ್ತು, ಬೇರುಗಳು ಕೆಸರಿಗಿಳಿದು ಸಾರ ಹೀರುತ್ತಿದ್ದವು, ಮಳೆ ಬಂದರೆ ದಪ್ಪಗಾಗಿ ಮತ್ತೆ ಮೇಲೇಳುತ್ತಿತ್ತು. 1983ರಲ್ಲಿ ಇಥಾಯ್ ಬ್ಯಾರೇಜ್ ಬಂದ ಮೇಲೆ 105 ಮೆಗಾವಾಟ್ ಜಲವಿದ್ಯುತ್ ಯೋಜನೆಗಾಗಿ ವರ್ಷವಿಡೀ ನೀರನ್ನು ಎತ್ತರದಲ್ಲೇ ನಿಲ್ಲಿಸಲಾಯಿತು. ಕೂರುವ ಕಾಲವೇ ತಪ್ಪಿಹೋಯಿತು.

ನೀರಲ್ಲೇ ಬೇಕಾದಷ್ಟು ಸಾರವಿದೆಯಲ್ಲ ಎಂದು ಕೇಳಬಹುದು. ಪ್ರಶ್ನೆ ಸಕಾರಣವಾದದ್ದೇ. ನಂಬುಲ್ ನದಿ ಇಂಫಾಲದ ಕೊಳಚೆಯನ್ನು ತಂದು ಸುರಿಯುತ್ತದೆ, ಸರೋವರದ ತೆರೆದ ಭಾಗದಲ್ಲಿ ಸಸ್ಯರಾಶಿ ಹಬ್ಬಿದ್ದೂ ನಿಜ. ಆದರೆ ಹಬ್ಬುವುದು ಬೇರೆ, ದಪ್ಪವಾಗುವುದು ಬೇರೆ. ನಮ್ಮ ಕೆರೆಗಳ ಅಂತರಗಂಗೆಯಂತಹ ಗಿಡ ನೀರಲ್ಲಿ ಕರಗಿದ್ದನ್ನೇ ಉಂಡು ಹರಡೀತು. ಭಾರ ಹೊರುವ ಹಾಸು ಅದರಿಂದ ಆಗದು. ಕೈಬುಲ್ ಲಾಮ್ಜಾವೋ ರಾಷ್ಟ್ರೀಯ ಉದ್ಯಾನದಲ್ಲಿ ಬೇಕಿರುವುದು ಭಾರ ಹೊರುವ ಹಾಸು. ಸುಮಾರು 40 ಚದರ ಕಿಲೋಮೀಟರಿನ ಈ ತೇಲು ಉದ್ಯಾನ ಸಂಗೈ ಜಿಂಕೆಯ ಕೊನೆಯ ಸಹಜ ನೆಲೆ. 1975ರ ಗಣತಿಯಲ್ಲಿ ಸಿಕ್ಕಿದ್ದು 14 ಜಿಂಕೆಗಳು ಮಾತ್ರ. ಆಮೇಲೆ ಸಂಖ್ಯೆ ಏರಿತಾದರೂ ಕಾಲೂರುವ ಹಾಸು ತೆಳುವಾಗುತ್ತಾ ಬಂದಿದೆ. ತೆಳು ಹಾಸಿನ ಮೇಲೆ ಜಿಂಕೆಯ ಕಾಲು ಹೂತುಹೋಗುತ್ತದೆ.

ವಿದ್ಯುತ್ತು ಬೇಡವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಬೇಕು. ಬ್ಯಾರೇಜನ್ನು ಒಡೆಯುವ ಮಾತೂ ಇಲ್ಲಿಲ್ಲ. ಒಣಗಾಲದಲ್ಲಿ ಕೆಲವು ವಾರ ಗೇಟು ತೆರೆದು ಉದ್ಯಾನದ ಹಾಸುಗಳನ್ನು ತಳಕ್ಕಿಳಿಸಿದರೆ ಸಾಕೆಂಬುದು ವಾದ. ನೀರಿಗೆ ಬೆಲೆ ಹೆಚ್ಚುವುದು ಅದೇ ಕಾಲದಲ್ಲಿ, ಆದ್ದರಿಂದ ನಷ್ಟವಿಲ್ಲವೆನ್ನುವಂತಿಲ್ಲ. ಆದರೆ ಗೇಟು ಮುಚ್ಚಿದ್ದರ ನಷ್ಟ ವಿದ್ಯುತ್ತಿನ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ. ದಡದ ಗದ್ದೆಗಳು ಮುಳುಗಿದವು. ಚಿಂದ್ವಿನ್ ನದಿಯ ಕಡೆಯಿಂದ ಮೇಲೇರಿ ಬರುತ್ತಿದ್ದ ಪೆಂಗ್ಬಾ ಮೀನಿನ ದಾರಿ ಕಟ್ಟಿತು. ಮಣಿಪುರದ ರಾಜ್ಯಮೀನು ಈಗ ಬಹುಮಟ್ಟಿಗೆ ಸಾಕಣೆಕೊಳದ ಮೀನಾಗಿದೆ. 1990ರಲ್ಲಿ ರಾಮ್ಸಾರ್ ಪಟ್ಟಿ ಸೇರಿದ ಲೋಕ್ತಾಕ್, ಮೂರೇ ವರ್ಷಕ್ಕೆ ಅಪಾಯದಲ್ಲಿರುವ ಜೌಗುಪ್ರದೇಶಗಳ ಮಾಂಟ್ರೋ ದಾಖಲೆಗೂ ಸೇರಿತು. ಸಾಲುಸಾಲು ಯಂತ್ರ ತಂದು ಫುಮ್ಡಿ ಕಿತ್ತೆಸೆಯುವ ಕೆಲಸಕ್ಕೆ ಹಣ ಸಿಕ್ಕಷ್ಟು ಸುಲಭವಾಗಿ ಗೇಟಿನ ವೇಳಾಪಟ್ಟಿ ಬದಲಿಸಲು ಒಪ್ಪಿಗೆ ಸಿಕ್ಕಿಲ್ಲ.