ಮನೆಯ ಚಿತ್ರಮಂದಿರಕ್ಕೊಂದು ಪುಟ್ಟ ಮದರ್‌ಬೋರ್ಡು

ಓಣಂ ರಜೆಯ ಒಂದು ಸಂಜೆ ನಮ್ಮ ಶಾಲೆಯ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ತನ್ನ ತಂದೆಯವರೊಡನೆ ನನ್ನ ಮನೆಗೆ ಬಂದಿದ್ದ. ತಂದೆಯವರ ಕೈಚೀಲದಲ್ಲಿ ಹದಿನೇಳು ಕ್ಯಾಸೆಟ್ಟುಗಳಿದ್ದವು. ತೀರಿಹೋದ ಅಜ್ಜ ತಾಳಮದ್ದಳೆ ಕೂಟಗಳಲ್ಲಿ ಹೇಳಿದ ಅರ್ಥ ಅವುಗಳಲ್ಲಿತ್ತು. ಜೊತೆಗೆ ಮನೆಯ ಮದುವೆಗಳ ಡಿ.ವಿ.ಡಿ.ಗಳು, ಊರಿನ ಬಯಲಾಟಗಳ ವಿಡಿಯೊ ತುಂಬಿದ ಒಂದು ಹಾರ್ಡ್ ಡಿಸ್ಕು. "ಮಾಷ್ಟ್ರೇ, ಇದನ್ನೆಲ್ಲ ಚಾವಡಿಯ ಟಿ.ವಿ.ಯಲ್ಲಿ ಅಮ್ಮನಿಗೆ ನೋಡಲು, ಕೇಳಲು ಆಗುವ ಹಾಗೆ ಒಂದು ಸಣ್ಣ ಕಂಪ್ಯೂಟರು ಮಾಡಿಸಬೇಕು. ಅಡಿಕೆ ಮಾರಿದ ಹಣ ಸ್ವಲ್ಪ ಇದೆ. ಒಮ್ಮೆ ತಪ್ಪಿದರೆ ಇನ್ನೊಮ್ಮೆ ಕೊಳ್ಳುವ ಶಕ್ತಿ ಇಲ್ಲ. ಯಾವ ಮದರ್‌ಬೋರ್ಡು ತೆಗೆದುಕೊಳ್ಳುವುದು?" ಎಂದು ಕೇಳಿದರು. ಅಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಅಂತರ್ಜಾಲದಿಂದ ಬರುವ ಚಲನಚಿತ್ರಗಳನ್ನು ನೋಡುವುದಷ್ಟೇ ನಿಮ್ಮ ಉದ್ದೇಶವಾಗಿದ್ದರೆ ಈ ಖರ್ಚು ಬೇಡ; ಇಂದಿನ ಟಿ.ವಿ.ಗಳು ಆ ಕೆಲಸವನ್ನು ತಾವೇ ಮಾಡುತ್ತವೆ. ಮನೆಯ ಸ್ವಂತ ಸಂಗ್ರಹವನ್ನು ಒಂದೆಡೆ ಸೇರಿಸಿ ಉಳಿಸಬೇಕೆನ್ನುವವರಿಗೆ ಮಾತ್ರ ಇಂತಹ ಕಂಪ್ಯೂಟರು ಬೇಕು.

ಮದರ್‌ಬೋರ್ಡು ಎಂದರೇನು? ಕಂಪ್ಯೂಟರಿನ ಮೆದುಳಾದ ಪ್ರೊಸೆಸರು, ನೆನಪಿನ ಪಟ್ಟಿಯಾದ ರ‍್ಯಾಮ್, ಸಂಗ್ರಹದ ಡಿಸ್ಕು, ಹೊರಗಿನ ತಂತಿಗಳು, ಇವೆಲ್ಲ ಬಂದು ಕೂಡುವ ಹಲಗೆ. 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎ.ಟಿ.ಎಕ್ಸ್. ಹಲಗೆಯ ಅಳತೆ 305 ಮಿಲಿಮೀಟರ್ ಉದ್ದ, 244 ಮಿಲಿಮೀಟರ್ ಅಗಲ. 2001ರಲ್ಲಿ ತೈವಾನಿನ ವಿಯಾ ಸಂಸ್ಥೆ ಮಿನಿ ಐ.ಟಿ.ಎಕ್ಸ್. ಎಂಬ ಪುಟ್ಟ ಹಲಗೆಯನ್ನು ತಂದಿತು. ಇದರ ಎರಡೂ ಬದಿ 170 ಮಿಲಿಮೀಟರ್, ಎಂದರೆ ಒಂದು ಗೇಣಿಗಿಂತಲೂ ಕಿರಿದು. ಟಿ.ವಿ.ಯ ಕೆಳಗಿನ ಚಿಕ್ಕ ಪೆಟ್ಟಿಗೆಗೆ ಹೇಳಿಮಾಡಿಸಿದ ಅಳತೆ. ಇದರ ನಾಲ್ಕು ತಿರುಪಿನ ತೂತುಗಳು ದೊಡ್ಡ ಹಲಗೆಯ ತೂತುಗಳೊಂದಿಗೆ ಹೊಂದುವುದರಿಂದ, ಮನೆಯಲ್ಲಿ ಎ.ಟಿ.ಎಕ್ಸ್. ಅಳತೆಯ ಹಳೆಯ ಪೆಟ್ಟಿಗೆಯಿದ್ದರೆ ಅದರೊಳಗೂ ಕೂರಿಸಬಹುದು.

ಆದರೆ ಚಿಕ್ಕದರ ಲಾಭದೊಂದಿಗೆ ಒಂದು ಎಚ್ಚರಿಕೆಯೂ ಇದೆ. ದೊಡ್ಡ ಹಲಗೆಯಲ್ಲಿ ಮುಂದೆ ಬೇಕಾದ ಕಾರ್ಡುಗಳನ್ನು ಸೇರಿಸಲು ಹಲವು ಕಿಂಡಿಗಳಿರುತ್ತವೆ. ಪುಟ್ಟ ಹಲಗೆಯಲ್ಲಿ ಸಾಮಾನ್ಯವಾಗಿ ಒಂದೇ ಒಂದು. ಹೀಗಿರುವಾಗ, ಏನೇನು ಬೇಕೆಂಬುದನ್ನು ಕೊಳ್ಳುವ ಮೊದಲೇ ಎಣಿಸಬೇಕು. ಎಣಿಕೆಯನ್ನು ಅಂಗಡಿಯಿಂದಲ್ಲ, ನಮ್ಮ ಟಿ.ವಿ.ಯಿಂದ ಆರಂಭಿಸಬೇಕು.

ಒಂದನೆಯದು, ಚಿತ್ರ ಹೊರಡುವ ಕಿಂಡಿ. ಟಿ.ವಿ.ಗೆ ಹೋಗುವ ತಂತಿಯ ಕಿಂಡಿಗೆ ಎಚ್.ಡಿ.ಎಂ.ಐ. ಎನ್ನುತ್ತಾರೆ. ನೋಡಲು ಎಲ್ಲವೂ ಒಂದೇ. ಒಳಗಿನ ಸಾಮರ್ಥ್ಯ ಬೇರೆ. '4ಕೆ' ಟಿ.ವಿ.ಯ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160 ಬಿಂದುಗಳು. ಗುಣಿಸಿದರೆ 82,94,400. 2009ರ 1.4 ಆವೃತ್ತಿಯ ಎಚ್.ಡಿ.ಎಂ.ಐ. ಇಷ್ಟು ಬಿಂದುಗಳ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸಬಲ್ಲದು, 2013ರ 2.0 ಆವೃತ್ತಿ 60 ಸಲ ಕಳಿಸುತ್ತದೆ. ವೇಷದ ದಿಗಿಣದಂತಹ ಬಿರುಸಿನ ಚಲನೆಯನ್ನು ಸೆಕೆಂಡಿಗೆ 60 ಚಿತ್ರಗಳಂತೆ ಸೆರೆಹಿಡಿದಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದ್ದರಿಂದ 4ಕೆ ಟಿ.ವಿ. ಇರುವವರು ಹಲಗೆಯ ವಿವರಪತ್ರದಲ್ಲಿ 2.0 ಅಥವಾ ಅದಕ್ಕಿಂತ ಮೇಲಿನ ಅಂಕಿಯನ್ನು ಹುಡುಕಬೇಕು.

ಎರಡನೆಯದು, ಚಿತ್ರವನ್ನು ಬಿಡಿಸುವ ಶಕ್ತಿ. ಒಂದು ಬಿಂದುವಿಗೆ ಮೂರು ಬೈಟುಗಳಂತೆ ಲೆಕ್ಕ ಹಾಕಿದರೆ, ಸೆಕೆಂಡಿಗೆ 60 ಚಿತ್ರಗಳ 4ಕೆ ವಿಡಿಯೊಗೆ ಸೆಕೆಂಡಿಗೆ ಸುಮಾರು 150 ಕೋಟಿ ಬೈಟು ಬೇಕು. ಒಂದು ಟೆರಾಬೈಟಿನ ಡಿಸ್ಕು ಹನ್ನೊಂದೇ ನಿಮಿಷದಲ್ಲಿ ತುಂಬಿಹೋದೀತು! ಅದಕ್ಕಾಗಿಯೇ ವಿಡಿಯೊವನ್ನು ಮಡಚಿ ಅಡಕಗೊಳಿಸಿ ಇಡುತ್ತಾರೆ. 2003ರ ಎಚ್. 264, 2013ರ ಎಚ್. 265, 2018ರ ಎ.ವಿ. 1 ಇವು ಹಾಗೆ ಮಡಚುವ ವಿಧಾನಗಳು. ನೋಡುವಾಗ ಅದನ್ನು ಬಿಡಿಸಲು ಪ್ರೊಸೆಸರಿನೊಳಗೆ ಪ್ರತ್ಯೇಕ ಭಾಗವಿದ್ದರೆ ಕೆಲಸ ತಣ್ಣಗೆ ಸಾಗುತ್ತದೆ. ಇಲ್ಲದಿದ್ದರೆ ಇಡೀ ಪ್ರೊಸೆಸರೇ ದುಡಿದು ಬಿಸಿಯಾಗುತ್ತದೆ, ಚಿತ್ರವೂ ತಡವರಿಸುತ್ತದೆ. 2023ರಲ್ಲಿ ಬಂದ ಇಂಟೆಲ್ ಎನ್ 100 ಎಂಬ ಸಣ್ಣ ಪ್ರೊಸೆಸರಿನಲ್ಲಿ ಈ ಮೂರನ್ನೂ ಬಿಡಿಸುವ ಭಾಗವಿದೆ. ಆದರೆ 2021ರ ಎ.ಎಂ.ಡಿ. ರೈಜನ್ 5600ಜಿ ಲೆಕ್ಕಾಚಾರದಲ್ಲಿ ಇದಕ್ಕಿಂತ ಎಷ್ಟೋ ಬಲಶಾಲಿಯಾದರೂ ಅದರಲ್ಲಿ ಎ.ವಿ. 1 ಬಿಡಿಸುವ ಭಾಗವಿಲ್ಲ. ಬಲ ಹೆಚ್ಚಿದ್ದ ಮಾತ್ರಕ್ಕೆ ನಮ್ಮ ಕೆಲಸಕ್ಕೆ ಹೆಚ್ಚು ಒದಗುತ್ತದೆ ಎನ್ನುವಂತಿಲ್ಲ.

ಇಲ್ಲಿ ನನ್ನದೇ ಒಂದು ಪೆಟ್ಟನ್ನು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಅಗ್ಗಕ್ಕೆ ಸಿಕ್ಕಿತೆಂದು ಹೆಸರಿನ ಕೊನೆಯಲ್ಲಿ 'ಎಫ್' ಅಕ್ಷರವಿದ್ದ ಇಂಟೆಲ್ ಪ್ರೊಸೆಸರನ್ನು ತಂದೆ. ಎಲ್ಲ ಜೋಡಿಸಿ ಟಿ.ವಿ. ಹಾಕಿದರೆ ಪರದೆ ಕಪ್ಪು. ತಂತಿ ಬದಲಿಸಿದೆ, ಟಿ.ವಿ.ಯನ್ನೇ ಬದಲಿಸಿ ನೋಡಿದೆ. ಎರಡು ದಿನ ಹೋಯಿತು. ಆಮೇಲೆ ತಿಳಿಯಿತು, ಆ 'ಎಫ್' ಎಂದರೆ ಒಳಗೆ ಚಿತ್ರ ಮೂಡಿಸುವ ಭಾಗ ಇಲ್ಲವೆಂದು ಅರ್ಥ. ಹಲಗೆಯಲ್ಲಿ ಕಿಂಡಿ ಇದ್ದರೂ ಅದರಿಂದ ಚಿತ್ರ ಬಾರದು. ವಿಜ್ಞಾನ ಪಾಠ ಮಾಡುವ ನಾನು ಒಂದು ಅಕ್ಷರವನ್ನು ಓದದೆ ಹಣ ಕಳೆದುಕೊಂಡೆ.

ಮೂರನೆಯದು, ಸದ್ದು ಮತ್ತು ಶಾಖ. ಮೆಲುದನಿಯ ಭಾಗವತಿಕೆಯ ನಡುವೆ ಫ್ಯಾನು ಗುಂಯ್‌ಗುಟ್ಟಿದರೆ ಕೇಳುವ ಸುಖವೆಲ್ಲಿ? ಎನ್ 100ಕ್ಕೆ ಗೊತ್ತುಮಾಡಿದ ಶಾಖದ ಮಿತಿ 6 ವಾಟ್ ಮಾತ್ರ. ಇದನ್ನು ಬೆಸೆದಿರುವ ಮಿನಿ ಐ.ಟಿ.ಎಕ್ಸ್. ಹಲಗೆಗಳಲ್ಲಿ ಫ್ಯಾನಿಲ್ಲದೆ ಬರಿಯ ಲೋಹದ ರೆಕ್ಕೆಗಳಿಂದಲೇ ತಣಿಯುವಂಥವು ಇವೆ. ವಿದ್ಯುತ್ತೂ ಉಳಿಯುತ್ತದೆ. ಇಡೀ ಕಂಪ್ಯೂಟರು 20 ವಾಟ್ ಬಳಸುವುದಾದರೆ, ದಿನಕ್ಕೆ 5 ಗಂಟೆಯಂತೆ 30 ದಿನಕ್ಕೆ 3 ಯೂನಿಟ್. 100 ವಾಟ್ ಬಳಸುವುದಾದರೆ 15 ಯೂನಿಟ್. ಆದರೆ ಬೆಸೆದ ಪ್ರೊಸೆಸರನ್ನು ಮುಂದೆ ಬದಲಿಸಲಾಗದು ಎಂಬುದನ್ನು ಮರೆಯಬಾರದು. ಫ್ಯಾನಿಲ್ಲದ ಹಲಗೆಯನ್ನು ಮುಚ್ಚಿದ ಕಪಾಟಿನಲ್ಲಿ ಇಡಲೂಬಾರದು. ನಮ್ಮ ಕರಾವಳಿಯ ಸೆಕೆಯಲ್ಲಿ ಅದಕ್ಕೂ ಗಾಳಿ ಬೇಕು.

ನಾಲ್ಕನೆಯದು, ಉಳಿದ ಕಿಂಡಿಗಳು. ಹಾರ್ಡ್ ಡಿಸ್ಕಿಗೂ ಡಿ.ವಿ.ಡಿ. ಡ್ರೈವಿಗೂ 'ಸಾಟಾ' ಕಿಂಡಿ ಬೇಕು. ಪುಟ್ಟ ಹಲಗೆಗಳಲ್ಲಿ ಕೆಲವಕ್ಕೆ ಒಂದೇ ಇರುತ್ತದೆ. ಕ್ಯಾಸೆಟ್ಟಿನ ಧ್ವನಿಯನ್ನು ಒಳತರಲು 'ಲೈನ್ ಇನ್' ಎಂಬ, ಸಾಮಾನ್ಯವಾಗಿ ನೀಲಿ ಬಣ್ಣದ ಕಿಂಡಿ ಬೇಕು; ಅದು ಎಲ್ಲ ಹಲಗೆಗಳಲ್ಲೂ ಇಲ್ಲ. ಯು.ಎಸ್.ಬಿ. ಮೂಲಕ ಇಂತಹ ಕೊರತೆ ಕೆಲವನ್ನು ತುಂಬಿಕೊಳ್ಳಬಹುದು. ಆದರೆ ಒಂದೊಂದಕ್ಕೂ ಬೇರೆ ಹಣ, ಬೇರೆ ತಂತಿ.

ನನ್ನ ಜಗಲಿಯಲ್ಲಿ ಕುಳಿತು ಆ ಹುಡುಗನೇ ಕಾಗದದ ಮೇಲೆ ಪಟ್ಟಿ ಬರೆದ: ಎಚ್.ಡಿ.ಎಂ.ಐ. 2.0, ಎನ್ 100, ಎರಡು ಸಾಟಾ, ನೀಲಿ ಕಿಂಡಿ. ಅಂಗಡಿಯಲ್ಲಿ ಮೊದಲು ತೋರಿಸಿದ ಹಲಗೆಯಲ್ಲಿ ನೀಲಿ ಕಿಂಡಿ ಇರಲಿಲ್ಲವಂತೆ. ಪಟ್ಟಿ ಕೈಯಲ್ಲಿದ್ದುದರಿಂದ ಬೇಡವೆಂದು ಹೇಳಿ, ಎರಡು ವಾರ ಕಾದು ಸರಿಯಾದದ್ದನ್ನೇ ತಂದರು. ಕೋಡಿ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರು. ಕ್ಯಾಸೆಟ್ಟುಗಳಲ್ಲಿ ಎರಡಕ್ಕೆ ಬೂಸಲು ಹಿಡಿದು ಏನೂ ಕೇಳಿಸಲಿಲ್ಲ. ಹದಿನೈದು ಉಳಿದವು.

ಕಳೆದ ತಿಂಗಳು ಅವರ ಮನೆಗೆ ಹೋಗಿದ್ದೆ. ಚಾವಡಿಯಲ್ಲಿ ಅಜ್ಜಿ ಕಾಲು ನೀಡಿ ಕುಳಿತಿದ್ದರು. ಅಜ್ಜನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು; ಪೆಟ್ಟಿಗೆಯ ಸದ್ದೇ ಇರಲಿಲ್ಲ. "ಆ ದಿನ ಅವರಿಗೆ ಶೀತ ಆಗಿತ್ತು, ಸ್ವರ ಕೇಳಿದರೆ ಗೊತ್ತಾಗುತ್ತದೆ" ಎಂದರು ಅಜ್ಜಿ.

ಹೊರಡುವಾಗ ಹುಡುಗನಿಗೆ ಒಂದೇ ಮಾತು ಹೇಳಿ ಬಂದೆ: ಈ ಸಂಗ್ರಹದ ಇನ್ನೊಂದು ಪ್ರತಿಯನ್ನು ಬೇರೊಂದು ಡಿಸ್ಕಿಗೆ ಹಾಕಿ ಚಿಕ್ಕಪ್ಪನ ಮನೆಯಲ್ಲಿಡು. ಮದರ್‌ಬೋರ್ಡು ಕೆಟ್ಟರೆ ಇನ್ನೊಂದು ಬರುತ್ತದೆ. ಹದಿನೈದು ಕ್ಯಾಸೆಟ್ಟುಗಳಲ್ಲಿ ಉಳಿದ ಆ ಸ್ವರ ಇನ್ನೆಲ್ಲಿಯೂ ಸಿಗದು. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಅಟ್ಟದಲ್ಲಿಯೂ ಇಂತಹ ಕ್ಯಾಸೆಟ್ಟುಗಳಿರಬಹುದು. ಬರುವ ಮಳೆಗಾಲಕ್ಕೆ ಮುಂಚೆ ಒಮ್ಮೆ ಹತ್ತಿ ನೋಡಿರಿ.