ಮೊಲಕ್ಕೆ ಮುನಿಸಿಲ್ಲ

ನಮ್ಮ ಮನೆಯ ಮೊಲ ಕರೆದರೆ ಬರುವುದಿಲ್ಲ, ಎತ್ತಿಕೊಂಡರೆ ಒದೆಯುತ್ತದೆ. "ಇದಕ್ಕೆ ನನ್ನ ಕಂಡ್ರೆ ಆಗಲ್ಲ ಅಜ್ಜಿ, ಯಾರಿಗಾದ್ರೂ ಕೊಟ್ಟುಬಿಡೋಣ" ಎಂದು ಮೊಮ್ಮಗಳು ಹಟ ಹಿಡಿದಿದ್ದಳು. ಚೆನ್ನಾಗಿ ಸಾಕಿದರೆ 8-10 ವರ್ಷ ಬದುಕುವ ಜೀವ ಅದು. ಕೊಡುವ ಮೊದಲು ಅದರ ಕಡೆಯ ಮಾತನ್ನೂ ಕೇಳಬೇಕಲ್ಲವೇ?

ನಾಯಿ, ಬೆಕ್ಕು ಬೇಟೆಯಾಡುವ ಜಾತಿ. ಮೊಲ ಬೇಟೆಗೆ ಸಿಕ್ಕುವ ಜಾತಿ. ಮೇಲಿನಿಂದ ಕೈ ಚಾಚಿ ಎತ್ತಿದರೆ ಅದಕ್ಕೆ ಹದ್ದೇ ಹಿಡಿದಂತೆ. ಹೆದರಿ ಬಲವಾಗಿ ಒದ್ದಾಡಿದರೆ ಬೆನ್ನುಮೂಳೆಯೇ ಮುರಿಯಬಹುದು. ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಹಿಂದೆ ಬಂದವರೂ ಅದಕ್ಕೆ ಕಾಣುತ್ತಾರೆ. ಮೂಗಿನ ನೇರಕ್ಕೆ ಹಿಡಿದ ಬೆರಳು ಮಾತ್ರ ಕಾಣುವುದಿಲ್ಲ!

ಮೊಲ ಚುರುಕಾಗುವುದು ಮುಂಜಾನೆ ಮತ್ತು ಮುಸ್ಸಂಜೆ. ಮೊಮ್ಮಗಳು ದಿನಾ ಸಂಜೆ ಪುಸ್ತಕ ಹಿಡಿದು ನೆಲದ ಮೇಲೆ ಸುಮ್ಮನೆ ಕೂರತೊಡಗಿದಳು. ಮೂರನೆಯ ವಾರ ಅದು ತಾನಾಗಿ ಬಂದು ಅವಳ ಮೊಣಕಾಲಿಗೆ ಗದ್ದ ಉಜ್ಜಿತು. ಗದ್ದದಡಿಯ ಗ್ರಂಥಿಯಿಂದ ವಾಸನೆ ಹಚ್ಚಿ 'ಇದು ನನ್ನದು' ಎಂದು ಗುರುತು ಹಾಕುವ ಪರಿ ಅದು. (ನಮ್ಮ ಮೂಗಿಗೆ ಅದು ತಿಳಿಯದು.) ಪಕ್ಕದಲ್ಲಿ ದೊಪ್ಪನೆ ಮಗ್ಗುಲಾದರೆ ಭಯ ಹೋಗಿದೆ ಎಂದರ್ಥ. ನೆತ್ತಿ ಸವರುವಾಗ ಹಲ್ಲು ಮೆಲ್ಲಗೆ ಕಟಕಟ ಎಂದರೆ ಸುಖ. ಜೋರಾಗಿ ಕಡಿದರೆ ನೋವು.

ಅಜ್ಜ-ಅಜ್ಜಿಯರಿಗೂ ಒಂದು ಮಾತು. ಮೊಲ ಕಾಯಿಲೆಯನ್ನು ಬಚ್ಚಿಡುತ್ತದೆ. ಮೂಲೆ ಸೇರಿ, ಹುಲ್ಲು ಮುಟ್ಟದೆ, ಹಿಕ್ಕೆಯನ್ನೂ ಹಾಕದಿದ್ದರೆ ಬಿಗುಮಾನ ಎಂದುಕೊಳ್ಳಬೇಡಿ. ಅಂದೇ ಪಶುವೈದ್ಯರ ಬಳಿಗೆ ಒಯ್ಯಿರಿ. ಅದರ ಹೊಟ್ಟೆ ಒಂದು ದಿನದ ಉಪವಾಸವನ್ನೂ ತಾಳದು.